ಲಿಮ್ಸ್‌ನಲ್ಲಿ ಲಗತ್ತು ಬಗೆಗಳ ಟೇಬಲ್: ಹಳೆಯ ಸಾಲುಗಳನ್ನು ಅಳಿಸಬಹುದೇ?

ಪ್ರಶ್ನೆ: ನೀರು ಮತ್ತು ಮಣ್ಣು ಪರೀಕ್ಷಾ ಪ್ರಯೋಗಾಲಯ, ರಾಯಚೂರು

ಎಲ್ಲರಿಗೂ ನಮಸ್ಕಾರ. ನಮ್ಮ ಪ್ರಯೋಗಾಲಯಕ್ಕೆ ಹೆಚ್ಚಾಗಿ ಬರುವುದು ಹಳ್ಳಿಗಳ ಕೊಳವೆಬಾವಿಯ ನೀರು. ಪ್ರತಿ ಮಾದರಿಯ ಜೊತೆಗೆ ಸಂಗ್ರಹಣಾ ನಮೂನೆಯ ಸ್ಕ್ಯಾನ್, ಬಾವಿಯ ಫೋಟೊ, ಉಪಕರಣದ ಪ್ರಿಂಟ್, ಕ್ಯಾಲಿಬ್ರೇಷನ್ ಗ್ರಾಫ್, ಲೆಕ್ಕದ ಶೀಟ್ ಮತ್ತು ಕೊನೆಗೆ ಸಹಿಯಾದ ವರದಿ, ಇಷ್ಟನ್ನೂ ಪ್ರಯೋಗಾಲಯದ ಮಾಹಿತಿ ನಿರ್ವಹಿಸುವ ತಂತ್ರಾಂಶವಾದ ಲಿಮ್ಸ್‌ನಲ್ಲಿ ಲಗತ್ತಿಸುತ್ತೇವೆ. ಲಗತ್ತಿಸುವಾಗ ಡ್ರಾಪ್‌ಡೌನ್‌ನಲ್ಲಿ ‘ಲಗತ್ತು ಬಗೆ’ ಆರಿಸುವುದು ಕಡ್ಡಾಯ. ಆ ಪಟ್ಟಿಗೆ ಹೊಸ ಸಾಲು ಸೇರಿಸುವ ಅನುಮತಿ ಮೊದಲಿನಿಂದಲೂ ಎಲ್ಲ ವಿಶ್ಲೇಷಕರಿಗೂ ಇದ್ದುದರಿಂದ ಅದು ಈಗ ಹೀಗೆ ಬೆಳೆದಿದೆ: ಜೆಪಿಜಿ, ಜೆಪಿಇಜಿ, ಫೋಟೊ, ಬಾವಿ ಫೋಟೊ, ಪಿಡಿಎಫ್, ರಿಪೋರ್ಟ್, ವರದಿ, ವರದಿ ಹೊಸದು, ಎಕ್ಸೆಲ್, ಗ್ರಾಫ್, ಇತರೆ.

ಈ ಪಟ್ಟಿಯನ್ನು ಸರಿಪಡಿಸುವುದು ಏಕೆ ತುರ್ತೆಂದರೆ, ಫ್ಲೋರೈಡ್ 1.4 ಅಥವಾ 1.6 ಎಂದು ಬಂದಾಗ ಆ ಬಾವಿಯ ನೀರು ಕುಡಿಯುವ ನೀರಿನ ಐಎಸ್ 10500 ಮಾನಕವು ಬೇರೆ ಮೂಲವಿಲ್ಲದ ಕಡೆ ಒಪ್ಪುವ ಲೀಟರಿಗೆ 1.5 ಮಿಲಿಗ್ರಾಂ ಗಡಿಯ ಒಳಗಿದೆಯೇ ಹೊರಗಿದೆಯೇ ಎಂಬುದನ್ನು ಆ ದಿನದ ಕ್ಯಾಲಿಬ್ರೇಷನ್ ಗ್ರಾಫ್ ನೋಡಿಯೇ ಸಮರ್ಥಿಸಬೇಕಾಗುತ್ತದೆ. ಆ ಗ್ರಾಫ್ ‘ಪಿಡಿಎಫ್’, ‘ಗ್ರಾಫ್’, ‘ಇತರೆ’ ಎಂಬ ಮೂರು ಕಡೆ ಹಂಚಿಹೋಗಿದ್ದರೆ ಹುಡುಕುವುದೇ ಒಂದು ಕೆಲಸವಾಗುತ್ತದೆ. ಪ್ರಯೋಗಾಲಯಗಳಿಗೆ ಮಾನ್ಯತೆ ಕೊಡುವ ಎನ್‌ಎಬಿಎಲ್‌ನ ಮೌಲ್ಯಮಾಪನವೂ ಹತ್ತಿರದಲ್ಲಿದೆ. ಬೇಡದ ಸಾಲುಗಳನ್ನು ಅಳಿಸಿ ಪಟ್ಟಿಯನ್ನು ಚಿಕ್ಕದು ಮಾಡಬಹುದೇ? ಮಾಡುವುದಾದರೆ ಹಳೆಯ ಲಗತ್ತುಗಳ ಗತಿ ಏನು?

ಉತ್ತರ: ಅದಿರು ವಿಶ್ಲೇಷಣಾ ಪ್ರಯೋಗಾಲಯ, ಬಳ್ಳಾರಿ

ದಯವಿಟ್ಟು ಒಂದು ಸಾಲನ್ನೂ ಅಳಿಸಬೇಡಿ ಸರ್. ಬಗೆಗಳ ಟೇಬಲ್‌ನ ಪ್ರತಿ ಸಾಲಿಗೂ ಲಗತ್ತುಗಳ ಟೇಬಲ್‌ನಿಂದ ಫಾರಿನ್ ಕೀ, ಅಂದರೆ ಆ ಸಾಲನ್ನು ತೋರಿಸುವ ಕೊಂಡಿ, ಬಂದಿರುತ್ತದೆ. ಬಳಕೆಯಲ್ಲಿರುವ ಸಾಲನ್ನು ಅಳಿಸಲು ಹೋದರೆ ಏನಾಗುತ್ತದೆ ಎಂಬುದು ಆ ಕೀಯನ್ನು ಹೇಗೆ ಬರೆದಿದ್ದಾರೆ ಎಂಬುದರ ಮೇಲಿದೆ. ರಿಸ್ಟ್ರಿಕ್ಟ್ ಎಂದಿದ್ದರೆ ಡೇಟಾಬೇಸ್ ಒಪ್ಪುವುದಿಲ್ಲ, ಅದೇ ಒಳ್ಳೆಯದು. ಸೆಟ್ ನಲ್ ಎಂದಿದ್ದರೆ ಲಗತ್ತು ಉಳಿಯುತ್ತದೆ, ಆದರೆ ಅದು ಯಾವ ಬಗೆಯದೆಂಬ ಗುರುತು ಹೋಗುತ್ತದೆ. ಕ್ಯಾಸ್ಕೇಡ್ ಎಂದಿದ್ದರೆ ಬಗೆಯ ಜೊತೆಗೆ ಲಗತ್ತುಗಳ ದಾಖಲೆಗಳೇ ಅಳಿದುಹೋಗುತ್ತವೆ. ತಂತ್ರಾಂಶ ಕೊಟ್ಟವರನ್ನು ಕೇಳಿ, ಅಥವಾ ಬ್ಯಾಕಪ್‌ನಿಂದ ಮಾಡಿದ ಪ್ರತಿಯ ಮೇಲೆ ನೀವೇ ಪರೀಕ್ಷಿಸಿ. ನಿಜವಾದ ಡೇಟಾಬೇಸ್ ಮೇಲೆ ಮಾತ್ರ ಈ ಪರೀಕ್ಷೆ ಬೇಡ.

ಅಳಿಸುವ ಬದಲು ಟೇಬಲ್‌ಗೆ ‘ಚಾಲ್ತಿಯಲ್ಲಿದೆ’ ಎಂಬ ಕಾಲಂ ಸೇರಿಸಿ, ಬೇಡದ ಸಾಲುಗಳಲ್ಲಿ ಅದನ್ನು ‘ಇಲ್ಲ’ ಎಂದು ಬದಲಾಯಿಸಿ. ಡ್ರಾಪ್‌ಡೌನ್‌ನಲ್ಲಿ ಚಾಲ್ತಿಯಲ್ಲಿರುವ ಬಗೆಗಳು ಮಾತ್ರ ಕಾಣಲಿ. ಹಳೆಯ ಮಾದರಿಯನ್ನು ತೆರೆದರೆ ಮಾತ್ರ ಆಗ ಆರಿಸಿದ್ದ ಬಗೆ ಹಾಗೆಯೇ ಕಾಣಬೇಕು. ತಾಂತ್ರಿಕ ದಾಖಲೆಗೆ ಮಾಡಿದ ಬದಲಾವಣೆಯಿಂದ ಹಿಂದಿನ ಆವೃತ್ತಿಗೆ ಅಥವಾ ಮೂಲ ವೀಕ್ಷಣೆಗೆ ಹಿಂತಿರುಗಿ ಹೋಗಲು ಸಾಧ್ಯವಿರಬೇಕು ಎಂದು ಪರೀಕ್ಷಾ ಪ್ರಯೋಗಾಲಯಗಳ ಮಾನಕವಾದ ಐಎಸ್‌ಒ/ಐಇಸಿ 17025:2017ರ 7.5.2ನೇ ಕಲಮು ಹೇಳುತ್ತದೆ. ಸಾಲನ್ನೇ ಅಳಿಸಿದರೆ ಹಿಂತಿರುಗುವ ದಾರಿಯೂ ಹೋಗುತ್ತದೆ.

ಆದರೆ ನಿಮ್ಮ ಪಟ್ಟಿಯ ನಿಜವಾದ ತೊಂದರೆ ಅದರ ಉದ್ದದಲ್ಲಿಲ್ಲ ಎಂದು ನನಗನಿಸುತ್ತದೆ. ‘ಜೆಪಿಜಿ’ ಎಂಬುದು ಫೈಲಿನ ಸ್ವರೂಪ, ‘ಬಾವಿ ಫೋಟೊ’ ಎಂಬುದು ಆ ಫೈಲಿನ ಉದ್ದೇಶ. ಇವೆರಡೂ ಒಂದೇ ಕಾಲಂನಲ್ಲಿ ಕುಳಿತಿರುವುದರಿಂದ, ಬಾವಿಯ ಫೋಟೊ ಹಾಕುವ ವಿಶ್ಲೇಷಕರ ಮುಂದೆ ನಾಲ್ಕು ಉತ್ತರಗಳಿರುತ್ತವೆ, ನಾಲ್ಕೂ ಸರಿಯಾಗಿಯೇ ಇರುತ್ತವೆ. ನಮ್ಮಲ್ಲಿ ರೈಲಿನ ರೇಕಿನಲ್ಲಿ ಹೋದ ಅದಿರಿನ ಕಬ್ಬಿಣದ ಅಂಶವನ್ನು ಖರೀದಿದಾರರು ಒಪ್ಪದೆ ಪತ್ರ ಬರೆದರೆ ಮೊದಲು ಬೇಕಾಗುವುದು ಮಾದರಿ ತೆಗೆದ ವಿವರ, ಆಮೇಲೆ ತೇವಾಂಶದ ಶೀಟ್, ಆಮೇಲೆ ಧಾತುಗಳ ಪ್ರಮಾಣ ಅಳೆಯುವ ಎಕ್ಸ್‌ಆರ್‌ಎಫ್ ಯಂತ್ರದ ಪ್ರಿಂಟ್. ಮೂರೂ ಪಿಡಿಎಫ್‌ಗಳೇ. ಅದಿರಿನ ಅಂಶವನ್ನು ಒಣ ತೂಕದ ಮೇಲೆ ಹೇಳುವುದರಿಂದ ತೇವಾಂಶದ ಶೀಟ್ ಸಿಗದಿದ್ದರೆ ಉಳಿದ ಎರಡು ಎಷ್ಟು ಅಚ್ಚುಕಟ್ಟಾಗಿದ್ದರೂ ವಾದ ನಿಲ್ಲುವುದಿಲ್ಲ. ‘ಪಿಡಿಎಫ್’ ಎಂಬ ಬಗೆಯಿಂದ ಅದನ್ನು ಹುಡುಕಿದರೆ ಆ ಮಾದರಿಯ ಎಲ್ಲ ಫೈಲುಗಳೂ ಬರುತ್ತವೆ.

ಆದ್ದರಿಂದ ಎರಡು ಟೇಬಲ್ ಮಾಡಿ. ಒಂದರಲ್ಲಿ ಉದ್ದೇಶ ಇರಲಿ: ಸಂಗ್ರಹಣಾ ನಮೂನೆ, ಸ್ಥಳದ ಫೋಟೊ, ಉಪಕರಣದ ಮೂಲ ದತ್ತಾಂಶ, ಕ್ಯಾಲಿಬ್ರೇಷನ್, ಲೆಕ್ಕದ ಶೀಟ್, ಸಹಿಯಾದ ವರದಿ. ಬಳಕೆದಾರರು ಆರಿಸುವುದು ಇದನ್ನು ಮಾತ್ರ. ಇನ್ನೊಂದರಲ್ಲಿ ಸ್ವರೂಪ ಇರಲಿ: ಪಿಡಿಎಫ್, ಜೆಪಿಇಜಿ, ಸಿಎಸ್‌ವಿ ಇತ್ಯಾದಿ. ಅದನ್ನು ಫೈಲು ನೋಡಿ ತಂತ್ರಾಂಶವೇ ತುಂಬಬೇಕು. ಯಾವ ಉದ್ದೇಶಕ್ಕೆ ಯಾವ ಸ್ವರೂಪ ಒಪ್ಪಿತ ಎಂಬುದಕ್ಕೆ ನಡುವೆ ಒಂದು ಜೋಡಣೆಯ ಟೇಬಲ್ ಬೇಕಾಗುತ್ತದೆ. ಸಹಿಯಾದ ವರದಿ ಪಿಡಿಎಫ್ ಆಗಿಯೇ ಬರಬೇಕು, ಎಕ್ಸೆಲ್ ಆಗಿ ಬರಕೂಡದು ಎಂಬಂಥ ನಿಯಮವನ್ನು ಅಲ್ಲಿ ಬರೆಯಬಹುದು.

ಮರುಪ್ರಶ್ನೆ: ರಾಯಚೂರು

ಧನ್ಯವಾದ ಮೇಡಂ. ಎರಡನ್ನೂ ಬೇರ್ಪಡಿಸಬೇಕೆಂಬುದು ಸ್ಪಷ್ಟವಾಯಿತು. ಹಳೆಯ ‘ಜೆಪಿಜಿ’ ಸಾಲಿನ ಕೆಳಗೆ ಬಾವಿಯ ಫೋಟೊಗಳೂ ಇವೆ, ಮೊಬೈಲಿನಲ್ಲಿ ತೆಗೆದ ಸಂಗ್ರಹಣಾ ನಮೂನೆಗಳೂ ಇವೆ. ಇವುಗಳಿಗೆ ಉದ್ದೇಶ ತುಂಬುವುದು ಹೇಗೆ? ಎಲ್ಲವನ್ನೂ ಒಂದು ಅಪ್‌ಡೇಟ್ ಆದೇಶದಲ್ಲಿ ‘ಸ್ಥಳದ ಫೋಟೊ’ ಎಂದು ಮಾಡಿಬಿಡಿ ಎಂದು ನಮ್ಮಲ್ಲಿ ಕೆಲವರು ಹೇಳುತ್ತಿದ್ದಾರೆ.

ಉತ್ತರ: ಅದಿರು ವಿಶ್ಲೇಷಣಾ ಪ್ರಯೋಗಾಲಯ, ಬಳ್ಳಾರಿ

ಹಾಗೆ ಮಾಡಬಾರದು. ತೆರೆದು ನೋಡದ ಫೈಲಿಗೆ ಇಂಥದ್ದೆಂದು ಹೆಸರಿಟ್ಟರೆ ಅದು ಸುಳ್ಳು ದಾಖಲೆ. ‘ರಿಪೋರ್ಟ್’, ‘ವರದಿ’, ‘ವರದಿ ಹೊಸದು’ ಮೂರರ ಅರ್ಥವೂ ಒಂದೇ ಎಂದು ಗುಣಮಟ್ಟ ವ್ಯವಸ್ಥಾಪಕರು ಸಹಿ ಹಾಕಿ ಹೇಳಬಲ್ಲರಾದರೆ, ಆ ಮೂರನ್ನೂ ಚಾಲ್ತಿಯಿಂದ ತೆಗೆದು, ‘ಬದಲಿ ಬಗೆ’ ಎಂಬ ಕಾಲಂನಲ್ಲಿ ಹೊಸ ‘ಸಹಿಯಾದ ವರದಿ’ಯ ಸಂಖ್ಯೆಯನ್ನು ಬರೆಯಿರಿ. ಹಳೆಯ ಲಗತ್ತಿನ ಮೇಲಿರುವ ಸಂಖ್ಯೆ ಬದಲಾಗುವುದಿಲ್ಲ, ಆದರೂ ಹೊಸ ಬಗೆಯಿಂದ ಹುಡುಕಿದಾಗ ಅದೂ ಸಿಗುತ್ತದೆ. ‘ಜೆಪಿಜಿ’ಯಂಥ ಸಾಲುಗಳಿಗೆ ಬದಲಿ ಬರೆಯಲು ಬರುವುದಿಲ್ಲ. ಅವುಗಳನ್ನು ‘ಹಳೆಯದು, ವಿಂಗಡಿಸಿಲ್ಲ’ ಎಂಬ ಬಗೆಗೆ ಜೋಡಿಸಿ. ಮುಂದೆ ಯಾರಾದರೂ ಆ ಮಾದರಿಯನ್ನು ಬೇರೆ ಕಾರಣಕ್ಕೆ ತೆರೆದಾಗ ಫೈಲನ್ನು ನೋಡಿ ಸರಿಯಾದ ಉದ್ದೇಶವನ್ನು ದಾಖಲಿಸಲಿ, ಯಾರು ಯಾವಾಗ ದಾಖಲಿಸಿದರೆಂಬುದು ಆಡಿಟ್ ಟ್ರೇಲ್‌ನಲ್ಲಿ ಉಳಿಯಲಿ.

ಪ್ರತಿಕ್ರಿಯೆ: ಔಷಧ ತಯಾರಿಕೆ, ಗುಣಮಟ್ಟ ವಿಭಾಗ, ರಾಯಚೂರು

ಬಳ್ಳಾರಿಯ ಮೇಡಂ ಹೇಳಿದ್ದಕ್ಕೆ ನನ್ನ ಪೂರ್ಣ ಒಪ್ಪಿಗೆಯಿದೆ. ಸ್ವರೂಪದ ಟೇಬಲ್ ಬಗ್ಗೆ ಮಾತ್ರ ಒಂದು ಎಚ್ಚರಿಕೆ ಹೇಳಬೇಕು. ಫೈಲಿನ ಹೆಸರಿನ ಕೊನೆಯಲ್ಲಿ ಚುಕ್ಕೆಯ ನಂತರ ಬರುವ ಎಕ್ಸ್‌ಟೆನ್ಷನ್ ಒಂದನ್ನೇ ಸ್ವರೂಪದ ಗುರುತಾಗಿ ಇಟ್ಟುಕೊಂಡರೆ ಉಪಕರಣಗಳ ಫೈಲುಗಳಲ್ಲಿ ಬಹಳ ಬೇಗ ಗೊಂದಲವಾಗುತ್ತದೆ. ‘ರಾ’ ಎಂಬ ಎಕ್ಸ್‌ಟೆನ್ಷನ್ ನೋಡಿ. ಥರ್ಮೊ ಕಂಪನಿಯ ಮಾಸ್ ಸ್ಪೆಕ್ಟ್ರೋಮೀಟರ್ ಕೊಡುವ ‘ರಾ’ ಒಂದು ಫೈಲು. ವಾಟರ್ಸ್ ಕಂಪನಿಯ ‘ರಾ’ ಫೈಲೇ ಅಲ್ಲ, ಅದೊಂದು ಫೋಲ್ಡರ್. ಬ್ರೂಕರ್ ಕಂಪನಿಯ ಎಕ್ಸ್‌ರೇ ಡಿಫ್ರಾಕ್ಷನ್ ಯಂತ್ರದ ‘ರಾ’ ಇವೆರಡಕ್ಕೂ ಸಂಬಂಧವಿಲ್ಲದ ಮೂರನೆಯದು. ಡಿಜಿಟಲ್ ಕ್ಯಾಮೆರಾದವರೂ ಇದೇ ಹೆಸರು ಬಳಸುತ್ತಾರೆ. ಎಕ್ಸ್‌ಟೆನ್ಷನ್ ಕಾಲಂಗೆ ಒಂದೇ ಮೌಲ್ಯ ಎರಡು ಸಲ ಬರದಂತೆ ತಡೆಯುವ ಯೂನಿಕ್ ನಿರ್ಬಂಧ ಹಾಕಿದ್ದರೆ ಎರಡನೆಯ ‘ರಾ’ ಸೇರಿಸಲು ಟೇಬಲ್ ಬಿಡುವುದೇ ಇಲ್ಲ. ಆಗ ಯಾರೋ ಮೊದಲಿನ ಸಾಲನ್ನೇ ತಿದ್ದುತ್ತಾರೆ, ಹಳೆಯ ಲಗತ್ತುಗಳೆಲ್ಲ ಬೇರೆ ಯಂತ್ರದವೆಂದು ತೋರಿಸತೊಡಗುತ್ತವೆ. ಆದ್ದರಿಂದ ಸ್ವರೂಪಕ್ಕೆ ತನ್ನದೇ ಒಂದು ಸಂಕೇತ ಸಂಖ್ಯೆ ಇರಲಿ. ಎಕ್ಸ್‌ಟೆನ್ಷನ್‌ಗಳು ಅದಕ್ಕೆ ಜೋಡಿಸಿದ ಬೇರೆ ಟೇಬಲ್‌ನಲ್ಲಿರಲಿ. ಒಂದು ಸ್ವರೂಪಕ್ಕೆ ಹಲವು ಎಕ್ಸ್‌ಟೆನ್ಷನ್, ಒಂದು ಎಕ್ಸ್‌ಟೆನ್ಷನ್‌ಗೆ ಹಲವು ಸ್ವರೂಪ, ಎರಡಕ್ಕೂ ಜಾಗವಿರಬೇಕು.

ಫೋಲ್ಡರ್ ರೂಪದ ದತ್ತಾಂಶ ಇನ್ನೊಂದು ತೊಡಕು. ಎಜಿಲೆಂಟ್ ಕಂಪನಿಯ ‘ಡಿ’ ಕೂಡ ಫೋಲ್ಡರ್‌. ಅಪ್‌ಲೋಡ್ ಪುಟ ಒಂದೊಂದೇ ಫೈಲನ್ನು ತೆಗೆದುಕೊಳ್ಳುವುದಾದರೆ ಫೋಲ್ಡರನ್ನು ಜಿಪ್ ಮಾಡಿಯೇ ಹಾಕಬೇಕು. ಆಗ ಸ್ವರೂಪದ ಕಾಲಂನಲ್ಲಿ ಎಲ್ಲವೂ ‘ಜಿಪ್’ ಎಂದೇ ಬರುತ್ತದೆ, ಒಳಗೆ ಯಾವ ಯಂತ್ರದ ದತ್ತಾಂಶವಿದೆಯೆಂಬುದು ತಿಳಿಯುವುದಿಲ್ಲ. ಅದಕ್ಕೆ ‘ಒಳಗಿನ ಸ್ವರೂಪ’ ಎಂಬ ಕಾಲಂ ಇದ್ದರೆ ಅನುಕೂಲ.

ಕಂಪನಿಯ ತಂತ್ರಾಂಶವಿಲ್ಲದೆ ತೆರೆಯಲಾಗದ ಮೂಲ ಫೈಲಿನ ಜೊತೆಗೆ ಎಲ್ಲರೂ ಓದಬಹುದಾದ ಒಂದು ಪ್ರತಿಯನ್ನೂ ಇಡುವುದು ಒಳ್ಳೆಯದು. ಮಾಸ್ ಸ್ಪೆಕ್ಟ್ರೋಮೆಟ್ರಿಗೆ ಎಂಝಡ್‌ಎಂಎಲ್, ಸ್ಪೆಕ್ಟ್ರಮ್‌ಗಳಿಗೆ ಜೆಕ್ಯಾಂಪ್ ಡಿಎಕ್ಸ್, ಕ್ರೊಮ್ಯಾಟೊಗ್ರಫಿಗೆ ನೆಟ್‌ಸಿಡಿಎಫ್ ಇವೆ. ಆದರೆ ಪರಿವರ್ತಿಸಿದ ಪ್ರತಿ ಇದೆಯೆಂದು ಮೂಲವನ್ನು ತೆಗೆಯಬಾರದು. ಮೂಲ ವೀಕ್ಷಣೆ ಎನಿಸಿಕೊಳ್ಳುವುದು ಯಂತ್ರ ಬರೆದ ಫೈಲು. ಉದ್ದೇಶದ ಟೇಬಲ್‌ನಲ್ಲಿ ‘ಮೂಲ ದತ್ತಾಂಶ’ ಮತ್ತು ‘ಪರಿವರ್ತಿತ ಪ್ರತಿ’ ಎಂಬ ಎರಡು ಸಾಲುಗಳಿದ್ದರೆ ಈ ವ್ಯತ್ಯಾಸ ಉಳಿಯುತ್ತದೆ.

ಪ್ರತಿಕ್ರಿಯೆ: ಮೆದು ಕಬ್ಬಿಣ ಕಾರ್ಖಾನೆಯ ಪ್ರಯೋಗಾಲಯ, ಕೊಪ್ಪಳ

ಸ್ವರೂಪವನ್ನು ತಂತ್ರಾಂಶವೇ ತುಂಬಬೇಕೆಂದು ಮೇಡಂ ಬರೆದಿದ್ದಾರೆ. ಅದು ಹೇಗೆ ತುಂಬುತ್ತದೆ ಎಂಬುದನ್ನೂ ಟೇಬಲ್‌ನಲ್ಲೇ ಬರೆದಿಡಬೇಕಾಗುತ್ತದೆ. ಫೈಲಿನ ಹೆಸರನ್ನು ಯಾರು ಬೇಕಾದರೂ ಬದಲಾಯಿಸಬಹುದು. ಫೈಲು ಯಾವ ಸ್ವರೂಪದ್ದೆಂದು ಬ್ರೌಸರ್ ಕಳಿಸುವ ಗುರುತು, ಅಂದರೆ ಮೀಡಿಯಾ ಟೈಪ್ ಕೂಡ ನಂಬಲರ್ಹವಲ್ಲ, ಏಕೆಂದರೆ ಅದನ್ನು ಸಾಮಾನ್ಯವಾಗಿ ಎಕ್ಸ್‌ಟೆನ್ಷನ್ ನೋಡಿಯೇ ತೀರ್ಮಾನಿಸಲಾಗಿರುತ್ತದೆ. ಫೈಲಿನ ಮೊದಲ ಕೆಲವು ಬೈಟ್‌ಗಳನ್ನು ಸರ್ವರ್‌ನಲ್ಲಿ ಓದಬೇಕು. ಜೆಪಿಇಜಿ ಫೈಲು ಎಫ್‌ಎಫ್, ಡಿ8, ಎಫ್‌ಎಫ್ ಎಂಬ ಮೂರು ಬೈಟ್‌ಗಳಿಂದ ಆರಂಭವಾಗುತ್ತದೆ. ಪಿಡಿಎಫ್ ಫೈಲಿನ ತಲೆಯಲ್ಲಿ ಶೇಕಡಾ ಚಿಹ್ನೆಯೂ ಪಿಡಿಎಫ್ ಎಂಬ ಅಕ್ಷರಗಳೂ ಇರುತ್ತವೆ. ಈ ಸಹಿ ಬೈಟ್‌ಗಳಿಗೆ ಸ್ವರೂಪದ ಟೇಬಲ್‌ನಲ್ಲಿ ಒಂದು ಕಾಲಂ ಇರಲಿ.

ಇದರ ಮಿತಿಯನ್ನೂ ತಿಳಿದಿರಬೇಕು. ಹೊಸ ವರ್ಡ್ ಮತ್ತು ಎಕ್ಸೆಲ್ ಫೈಲುಗಳು ಒಳಗಿನಿಂದ ಜಿಪ್‌ಗಳೇ ಆದ್ದರಿಂದ ಮೂರೂ ‘ಪಿಕೆ’ ಎಂಬ ಅಕ್ಷರಗಳಿಂದಲೇ ಶುರುವಾಗುತ್ತವೆ. ಹಳೆಯ ಎಕ್ಸೆಲ್ ಫೈಲಿಗೂ ವಿಂಡೋಸ್‌ನ ಎಂಎಸ್‌ಐ ಇನ್‌ಸ್ಟಾಲರಿಗೂ ತಲೆಯಲ್ಲಿರುವುದು ಒಂದೇ ಸಹಿ. ಮೊದಲ ಬೈಟ್ ಮಾತ್ರ ನೋಡಿ ಒಳಗೆ ಬಿಟ್ಟರೆ ಲೆಕ್ಕದ ಶೀಟಿನ ಹೆಸರಿನಲ್ಲಿ ಇನ್‌ಸ್ಟಾಲರ್ ಕೂಡ ಬರಬಹುದು, ಆದ್ದರಿಂದ ಎಕ್ಸ್‌ಟೆನ್ಷನ್ ಮತ್ತು ಸಹಿ ಎರಡೂ ಹೊಂದಬೇಕು. ಸಿಎಸ್‌ವಿಗೆ ಸಹಿಯೇ ಇಲ್ಲ, ಅದು ಬರಿಯ ಪಠ್ಯ. ನಮ್ಮ ಕಲ್ಲಿದ್ದಲು ಪರೀಕ್ಷೆಯ ಬಾಂಬ್ ಕ್ಯಾಲೊರಿಮೀಟರ್ ಕೊಡುವುದು ಸಿಎಸ್‌ವಿಯನ್ನೇ. ಅದಕ್ಕೆ ‘ಸಹಿ ಪರೀಕ್ಷೆ ಅನ್ವಯಿಸುವುದಿಲ್ಲ’ ಎಂದು ಸ್ಪಷ್ಟವಾಗಿ ಬರೆದಿದ್ದೇವೆ; ಕಾಲಂ ಖಾಲಿ ಬಿಟ್ಟರೆ ಮರೆತು ಬಿಟ್ಟದ್ದೋ ತಿಳಿದು ಬಿಟ್ಟದ್ದೋ ಗೊತ್ತಾಗುವುದಿಲ್ಲ. ಹೊಂದದ ಫೈಲನ್ನು ಸರ್ವರ್ ಅಲ್ಲಿಯೇ ತಿರಸ್ಕರಿಸಬೇಕು ಎಂಬುದು ನನ್ನ ಅಭಿಪ್ರಾಯ.

ಪ್ರತಿಕ್ರಿಯೆ: ಆಸ್ಪತ್ರೆಯ ರೋಗಶಾಸ್ತ್ರ ಪ್ರಯೋಗಾಲಯ, ಬಳ್ಳಾರಿ

ಕೊನೆಯ ವಾಕ್ಯವನ್ನು ನಾನು ಒಪ್ಪುವುದಿಲ್ಲ ಸರ್. ಕಾರ್ಖಾನೆಯಲ್ಲಿ ತಿರಸ್ಕರಿಸಿದ ಫೈಲನ್ನು ಬೆಳಿಗ್ಗೆ ಮತ್ತೆ ಹಾಕಬಹುದು. ನಮ್ಮಲ್ಲಿ ರಾತ್ರಿ ಪಾಳಿಯ ತಂತ್ರಜ್ಞರು ತುರ್ತು ಮಾದರಿಯ ಚಿತ್ರವನ್ನು ಲಗತ್ತಿಸುವಾಗ ‘ಈ ಬಗೆ ಒಪ್ಪಿತವಲ್ಲ’ ಎಂಬ ಸಂದೇಶ ಬಂದರೆ, ಅವರು ಆ ಚಿತ್ರವನ್ನು ವಾಟ್ಸ್‌ಆ್ಯಪ್‌ನಲ್ಲಿ ವೈದ್ಯರಿಗೆ ಕಳಿಸಿ ಮುಂದಿನ ಕೆಲಸಕ್ಕೆ ಹೋಗುತ್ತಾರೆ. ರೋಗಿ ಕಾಯುತ್ತಿರುವಾಗ ಅವರನ್ನು ದೂರುವುದು ನ್ಯಾಯವಲ್ಲ. ಆದರೆ ಆ ಚಿತ್ರ ಮತ್ತೆ ಎಂದೂ ಡೇಟಾಬೇಸ್‌ಗೆ ಬರುವುದಿಲ್ಲ, ರೋಗಿಯ ಮಾಹಿತಿಯೂ ಹೊರಗೆ ಹೋಗುತ್ತದೆ.

ಫೈಲನ್ನು ತೆಗೆದುಕೊಂಡು ‘ಪರಿಶೀಲನೆಯಲ್ಲಿದೆ’ ಎಂಬ ಸ್ಥಿತಿಯಲ್ಲಿ ಬೇರೆ ಜಾಗದಲ್ಲಿ ಇಡಬೇಕು. ಯಾರಾದರೂ ನೋಡಿ ಒಪ್ಪುವವರೆಗೆ ಅದನ್ನು ತೆರೆಯಲು ಬರಬಾರದು, ವರದಿಯಲ್ಲಿ ಸೇರಿಸಲೂ ಬರಬಾರದು. ಐಫೋನಿನ ಎಚ್‌ಇಐಸಿ ಫೋಟೊಗಳು ನಮ್ಮಲ್ಲಿ ಹೀಗೆಯೇ ಬಂದವು. ಯಾರೂ ಮೋಸ ಮಾಡಿರಲಿಲ್ಲ, ಟೇಬಲ್‌ನಲ್ಲಿ ಆ ಸಾಲು ಇರಲಿಲ್ಲ ಅಷ್ಟೇ.

ಗಾತ್ರದ ಮಿತಿಯನ್ನೂ ಉದ್ದೇಶಕ್ಕೆ ತಕ್ಕಂತೆ ಬೇರೆಯಾಗಿ ಇಡಬೇಕು. ಸ್ಕ್ಯಾನ್ ಮಾಡಿದ ಗಾಜುಫಲಕದ ಎಸ್‌ವಿಎಸ್ ಫೈಲು ಒಂದು ಗಿಗಾಬೈಟ್ ಮುಟ್ಟುವುದುಂಟು. ಎಲ್ಲಕ್ಕೂ ಒಂದೇ ಮಿತಿ ಇಟ್ಟರೆ ಒಂದೋ ಫಲಕದ ಚಿತ್ರ ಬರುವುದಿಲ್ಲ, ಇಲ್ಲವೇ ಸಂಗ್ರಹಣಾ ನಮೂನೆಯ ಹೆಸರಿನಲ್ಲಿ ಏನು ಬೇಕಾದರೂ ಬರುತ್ತದೆ. ಎಸ್‌ವಿಎಸ್ ಒಳಗಿರುವುದು ಟಿಐಎಫ್‌ಎಫ್ ಎಂಬ ಚಿತ್ರ ಸ್ವರೂಪದ ರಚನೆಯಾದ್ದರಿಂದ ಸಹಿ ಪರೀಕ್ಷೆ ಅದನ್ನು ಟಿಐಎಫ್‌ಎಫ್ ಎಂದೇ ಗುರುತಿಸುತ್ತದೆ ಎಂಬುದನ್ನೂ ಗಮನಿಸಿ.

ಪ್ರತಿಕ್ರಿಯೆ: ಕೊಪ್ಪಳ

ಸರಿ ಮೇಡಂ, ಆಸ್ಪತ್ರೆಗೆ ನಿಮ್ಮ ಕ್ರಮವೇ ಸೂಕ್ತ. ಆದರೂ ಪ್ರೋಗ್ರಾಂ ಆಗಿ ಓಡಬಲ್ಲ ಫೈಲುಗಳನ್ನು ಬಾಗಿಲಲ್ಲೇ ತಡೆಯಬೇಕು. ಸ್ಕ್ರಿಪ್ಟ್ ಹೊತ್ತಿರಬಲ್ಲ ಎಸ್‌ವಿಜಿ ಮತ್ತು ಎಚ್‌ಟಿಎಂಎಲ್‌ಗಳನ್ನು ಒಪ್ಪಲೇಬೇಕಾದರೆ ಬ್ರೌಸರ್‌ನಲ್ಲಿ ತೆರೆಯದೆ ಡೌನ್‌ಲೋಡ್ ಆಗುವಂತೆ ಮಾತ್ರ ಕೊಡಬೇಕು. ಪ್ರತಿ ಸ್ವರೂಪದ ಮುಂದೆ ‘ಒಪ್ಪು’, ‘ಪರಿಶೀಲನೆಗೆ ಇಡು’, ‘ತಡೆ’ ಎಂಬ ಮೂರರಲ್ಲಿ ಒಂದನ್ನು ಬರೆದು, ಟೇಬಲ್‌ನಲ್ಲಿಲ್ಲದ ಸ್ವರೂಪವನ್ನು ಪರಿಶೀಲನೆಗೇ ಇಟ್ಟರೆ ಇಬ್ಬರ ಮಾತೂ ನಡೆಯುತ್ತದೆ.

ಪ್ರತಿಕ್ರಿಯೆ: ತಂತ್ರಾಂಶ ಅಭಿವೃದ್ಧಿ, ಬಳ್ಳಾರಿ

ಟೇಬಲ್ ಕಟ್ಟುವವರ ಕಡೆಯಿಂದ ಕೆಲವು ಮಾತು. ಮೀಡಿಯಾ ಟೈಪ್ ಕಾಲಂಗೆ 50 ಅಕ್ಷರ ಸಾಕೆಂದು ಬಹಳ ಕಡೆ ಇಟ್ಟಿರುತ್ತಾರೆ. ಹೊಸ ಎಕ್ಸೆಲ್ ಫೈಲಿನ ಮೀಡಿಯಾ ಟೈಪ್ 65 ಅಕ್ಷರ, ವರ್ಡ್‌ನದು 71. ಡೇಟಾಬೇಸ್ ಕಟ್ಟುನಿಟ್ಟಾಗಿದ್ದರೆ ದೋಷ ತೋರಿಸಿ ನಿಲ್ಲುತ್ತದೆ. ಸಡಿಲವಾಗಿದ್ದರೆ ತುದಿ ಕತ್ತರಿಸಿ ಉಳಿಸಿಕೊಳ್ಳುತ್ತದೆ, ಆಗ ವರ್ಡ್ ಮತ್ತು ಎಕ್ಸೆಲ್ ಬೇರೆಯಾಗುವ ಭಾಗವೇ ನಡುವೆ ತುಂಡಾಗುತ್ತದೆ. ಮೀಡಿಯಾ ಟೈಪ್‌ಗಳ ಅಂತರಜಾಲ ನಿಯಮಾವಳಿಯಾದ ಆರ್‌ಎಫ್‌ಸಿ 6838 ಓರೆಗೆರೆಯ ಎರಡೂ ಬದಿಗೆ 127ರಂತೆ ಅಕ್ಷರ ಕೊಡುವುದರಿಂದ ಕಾಲಂ 255 ಇರಲಿ.

ನಮ್ಮ ಭಾಷೆಯಲ್ಲಿ ಬಗೆಗಳ ಹೆಸರಿಡುವವರಿಗೆ ಇನ್ನೊಂದು ಸಂಗತಿ ಮುಖ್ಯ. ‘ಕೊಪ್ಪಳ’ ಎಂದು ಬರೆದಾಗ ಮೊದಲಕ್ಷರದ ಒತ್ವವನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಇಡಬಹುದು, ಎತ್ವ ಮತ್ತು ಊತ್ವದ ಚಿಹ್ನೆಗಳನ್ನು ಒಂದರ ಹಿಂದೆ ಒಂದು ಇಟ್ಟೂ ಪಡೆಯಬಹುದು. ಪರದೆಯ ಮೇಲೆ ಎರಡೂ ಒಂದೇ ಥರ ಕಾಣುತ್ತವೆ. ಯೂನಿಕ್ ನಿರ್ಬಂಧದ ಕಣ್ಣಿಗೆ ಅವು ಬೇರೆ ಬೇರೆ ಹೆಸರುಗಳು. ‘ನೀರು’ ಎಂಬ ಪದದ ದೀರ್ಘಕ್ಕೂ ಹೀಗೆಯೇ ಎರಡು ರೂಪಗಳಿವೆ. ರಾಯಚೂರಿನ ಸರ್ ಅವರ ಪಟ್ಟಿಯಲ್ಲಿ ‘ನೀರಿನ ವರದಿ’ ಎರಡು ಸಲ ಕಂಡರೆ ಯಾರೋ ಅಜಾಗರೂಕರಾಗಿದ್ದರೆಂದೇ ತಿಳಿಯಬೇಕಾಗಿಲ್ಲ. ಎರಡು ಬೇರೆ ಕೀಬೋರ್ಡ್ ತಂತ್ರಾಂಶಗಳಿಂದ ಬಂದಿರಬಹುದು. ಉಳಿಸುವ ಮೊದಲು ಇಂಥ ಜೋಡಿ ಚಿಹ್ನೆಗಳನ್ನು ಒಂದೇ ಸಂಕೇತವಾಗಿಸುವ ಎನ್‌ಎಫ್‌ಸಿ ರೂಪಕ್ಕೆ ತಂದುಕೊಳ್ಳಿ. ಪೋಸ್ಟ್‌ಗ್ರೆಸ್ ಡೇಟಾಬೇಸ್‌ನಲ್ಲಿ ಇದಕ್ಕೆ 13ನೇ ಆವೃತ್ತಿಯಿಂದ ನಾರ್ಮಲೈಜ್ ಎಂಬ ಫಂಕ್ಷನ್ ಇದೆ. ನಿಯಮಗಳನ್ನು ಮಾತ್ರ ಹೆಸರಿಗೆ ಕಟ್ಟದೆ, ಎಂದೂ ಬದಲಾಗದ ಸಂಕೇತಕ್ಕೆ ಕಟ್ಟಿ.

ಗಾತ್ರದ ಬಗ್ಗೆ ಹೇಳುವುದಾದರೆ, ಟೇಬಲ್‌ನಲ್ಲಿ ಮಿತಿ ಹೆಚ್ಚಿಸಿದರೂ ಫೈಲು ಹೋಗದಿದ್ದರೆ ಮುಂದಿರುವ ವೆಬ್ ಸರ್ವರನ್ನು ನೋಡಿ. ಅಂಥ ಒಂದು ವೆಬ್ ಸರ್ವರ್ ಆದ ಎಂಜಿನ್‌ಎಕ್ಸ್, ನಾವು ಮಿತಿ ಹೇಳದಿದ್ದರೆ, 1 ಮೆಗಾಬೈಟ್‌ಗೆ ತಡೆದು 413 ಎಂಬ ದೋಷ ಕೊಡುತ್ತದೆ, ಲಿಮ್ಸ್‌ನವರೆಗೆ ವಿಷಯವೇ ಬರುವುದಿಲ್ಲ.

ಮರುಪ್ರಶ್ನೆ: ರಾಯಚೂರು

ಎಲ್ಲರಿಗೂ ಕೃತಜ್ಞತೆಗಳು. ಇನ್ನು ಉಳಿದದ್ದು ‘ಇತರೆ’. ಅದನ್ನು ಇಡಬೇಕೇ?

ಉತ್ತರ: ಔಷಧ ತಯಾರಿಕೆ, ರಾಯಚೂರು

ನನ್ನ ಮಟ್ಟಿಗೆ ಬೇಡ. ‘ಇತರೆ’ ಇರುವವರೆಗೆ ಉಳಿದ ಸಾಲುಗಳನ್ನು ಯಾರೂ ಓದುವುದಿಲ್ಲ.

ಉತ್ತರ: ಅದಿರು ವಿಶ್ಲೇಷಣಾ ಪ್ರಯೋಗಾಲಯ, ಬಳ್ಳಾರಿ

ತೆಗೆದರೆ ಜನ ತಪ್ಪಾದ ಬಗೆಯನ್ನು ಆರಿಸಿ ಮುಂದೆ ಹೋಗುತ್ತಾರೆ. ‘ಇತರೆ’ಯಲ್ಲಿರುವ ಫೈಲು ಗೊತ್ತಿಲ್ಲದ್ದೆಂದಾದರೂ ತಿಳಿದಿರುತ್ತದೆ, ‘ಕ್ಯಾಲಿಬ್ರೇಷನ್’ ಎಂದು ತಪ್ಪಾಗಿ ಗುರುತಿಸಿದ್ದು ಸರಿಯಾದವುಗಳ ನಡುವೆ ಸೇರಿಕೊಂಡು ಸಿಗದಂತಾಗುತ್ತದೆ. ಇಡಿ, ಪಟ್ಟಿಯ ಕೊನೆಯಲ್ಲಿಡಿ, ವಿವರಣೆ ಬರೆಯದೆ ಉಳಿಸಲು ಬಿಡಬೇಡಿ. ಗುಣಮಟ್ಟ ವ್ಯವಸ್ಥಾಪಕರು ಆಗಾಗ ಆ ವಿವರಣೆಗಳನ್ನು ಓದಲಿ. ಒಂದೇ ವಿವರಣೆ ಮತ್ತೆ ಮತ್ತೆ ಕಂಡರೆ ಅದಕ್ಕೊಂದು ಸಾಲು ಬೇಕೆಂದು ಅರ್ಥ.

ಸಾಲು ಸೇರಿಸುವ ಅನುಮತಿಯನ್ನು ಇನ್ನು ಮುಂದೆ ಎಲ್ಲರಿಗೂ ಕೊಡಬೇಡಿ. ತಂತ್ರಾಂಶದ ಸಂರಚನೆಯಲ್ಲಿ ಬದಲಾವಣೆಯಾದರೂ ಅದಕ್ಕೆ ಅನುಮೋದನೆ, ದಾಖಲೆ ಮತ್ತು ಜಾರಿಗೆ ಮುನ್ನ ಪರೀಕ್ಷೆ ಇರಬೇಕೆಂದು 17025ರ 7.11.2ನೇ ಕಲಮು ಹೇಳುತ್ತದೆ. ಬಗೆಗಳ ಟೇಬಲ್ ಕೂಡ ಸಂರಚನೆಯೇ. ವಿಶ್ಲೇಷಕರು ಕೋರಿಕೆ ಬರೆಯಲಿ, ಗುಣಮಟ್ಟ ವ್ಯವಸ್ಥಾಪಕರು ಒಪ್ಪಲಿ, ನೀವು ಪರೀಕ್ಷಾ ಪ್ರತಿಯಲ್ಲಿ ಸೇರಿಸಿ ಒಂದು ಫೈಲು ಹಾಕಿ, ತೆರೆದು, ವರದಿಯಲ್ಲಿ ಮುದ್ರಿಸಿ ನೋಡಿದ ಮೇಲೆ ನಿಜವಾದದ್ದಕ್ಕೆ ತನ್ನಿ. ಕೋರಿಕೆಗೆ ಬೇಗ ಉತ್ತರ ಕೊಡುವುದೂ ಅಷ್ಟೇ ಮುಖ್ಯ, ಇಲ್ಲದಿದ್ದರೆ ಎಲ್ಲರೂ ‘ಇತರೆ’ಗೇ ಹೋಗುತ್ತಾರೆ.

ರಾಯಚೂರು

ಹೀಗೆ ಮಾಡುತ್ತಿದ್ದೇವೆ. ಹಳೆಯ ಸಾಲುಗಳೆಲ್ಲ ಚಾಲ್ತಿಯಿಂದ ಹೊರಗೆ ಹೋಗುತ್ತವೆ, ಯಾವುದೂ ಅಳಿಯುವುದಿಲ್ಲ. ವರದಿಯ ಮೂರು ಸಾಲುಗಳಿಗೆ ಬದಲಿ ಬಗೆ ಬರೆಯುವ ಬಗ್ಗೆ ಗುಣಮಟ್ಟ ವ್ಯವಸ್ಥಾಪಕರ ಸಹಿ ಆಗಿದೆ. ‘ಜೆಪಿಜಿ’ ಮತ್ತು ‘ಪಿಡಿಎಫ್’ ವಿಂಗಡಿಸದವುಗಳಾಗಿ ಉಳಿಯುತ್ತವೆ. ಆದರೆ ಫ್ಲೋರೈಡ್ 1.5ರ ಆಸುಪಾಸಿನಲ್ಲಿ ಬಂದ ಮಾದರಿಗಳ ಲಗತ್ತುಗಳನ್ನು ಮಾತ್ರ ಮೊದಲು ಒಂದೊಂದಾಗಿ ತೆರೆದು ಕ್ಯಾಲಿಬ್ರೇಷನ್ ಗ್ರಾಫ್‌ಗಳನ್ನು ಗುರುತಿಸಲು ಇಬ್ಬರು ವಿಶ್ಲೇಷಕರು ಒಪ್ಪಿಕೊಂಡಿದ್ದಾರೆ. ಮೀಡಿಯಾ ಟೈಪ್ ಕಾಲಂ ನೋಡಿದೆವು. ನಮ್ಮಲ್ಲಿಯೂ 50 ಇದೆ. ಅದನ್ನು ಹೆಚ್ಚಿಸಲು ತಂತ್ರಾಂಶದವರಿಗೆ ಬರೆದಿದ್ದೇವೆ.